ಮುತ್ಯಾ, ಗಾಡಿ ನಿಂದ್ರಸು!

ನಮ್ಮ ಮಮದಾಪುರದ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ. ನಾನೂ ಒಬ್ಬ ಮುತ್ಯಾ. ವಯಸ್ಸು 73. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಕಾಗದಪತ್ರ ಸರಿಯಾಗಿ ಜೋಡಿಸಿಡುವುದು ನನ್ನ ಚಟ. ಗಾಡಿ ಓಡಿಸುವುದು ನನ್ನ ಹೆಮ್ಮೆ. ಹೆಮ್ಮೆ ಎಂದು ಯಾಕೆ ಹೇಳಿದೆ ಎಂದರೆ, 41 ವರ್ಷ ಗಾಡಿ ಓಡಿಸಿದರೂ ಯಾರಿಗೂ ಒಂದು ಗೀರು ಸಹ ಬೀಳಿಸಿದವನಲ್ಲ. ಮಮದಾಪುರದಿಂದ ಬಬಲೇಶ್ವರ, ಅಲ್ಲಿಂದ ವಿಜಯಪುರ. ಸುಗ್ಗಿಯಲ್ಲಿ ಆ ದಾರಿಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಒಂದಕ್ಕೆ ಎರಡೆರಡು ಟ್ರೇಲರ್. ರಾತ್ರಿಯಾದರೆ ಹಿಂದೆ ದೀಪವೂ ಇರುವುದಿಲ್ಲ. ಇಂಥ ದಾರಿಯಲ್ಲಿ ಓಡಿಸಿದವನು ಜಗತ್ತಿನಲ್ಲಿ ಎಲ್ಲಿ ಬೇಕಾದರೂ ಓಡಿಸಬಲ್ಲ ಎಂದು ನಾನು ತಿಳಿದಿದ್ದೆ.

ಅದು ತಪ್ಪು ಎಂದು ನನಗೆ ಕಲಿಸಿದವಳು ಹತ್ತು ವರ್ಷದ ಮೊಮ್ಮಗಳು. ಆ ಕತೆಯನ್ನು ಹೇಳುತ್ತೇನೆ. ಮಕ್ಕಳ ಬಳಿಗೆ ಪರದೇಶಕ್ಕೆ ಹೊರಟಿರುವ ಅಜ್ಜ-ಅಜ್ಜಿಯರಿಗೆ ಇದು ಉಪಯೋಗಕ್ಕೆ ಬಂದೀತು. ಮಕ್ಕಳೂ ಓದಲಿ. ಯಾಕೆಂದರೆ ಗಾಡಿಯ ಹಿಂದಿನ ಸೀಟಿನಲ್ಲಿ ಕೂಡುವವರು ನೀವೇ.

ಒಂದು ಚಿಕ್ಕ ಪುಸ್ತಕ

ನನ್ನ ಮಗ ಇಂಗ್ಲೆಂಡಿನ ರೆಡಿಂಗ್ ಎಂಬ ಊರಿನಲ್ಲಿ ಕೆಲಸಕ್ಕೆ ಸೇರಿದ್ದ. ಲಂಡನ್ನಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಅರ್ಧ ತಾಸಿನ ದಾರಿ. ಹೆಂಡತಿ, ಮಗಳನ್ನೂ ಕರೆದುಕೊಂಡು ಹೋಗಿದ್ದ. "ಅಪ್ಪಾ, ನೀವೂ ಅವ್ವನೂ ಬ್ಯಾಸಗಿ ಮುಗಿಯೂತನಕ ಇಲ್ಲೇ ಬಂದಿರ್ರಿ" ಎಂದ. ವೀಸಾ ಆಯಿತು. ನನಗೆ ಮೊದಲು ನೆನಪಾದದ್ದು ಲೈಸೆನ್ಸು.

ವಿಜಯಪುರದ ಆರ್‌ಟಿಒ ಕಚೇರಿ ಎಂದರೆ ನಮಗೆ ಕೆಎ 28. ಅಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೊಡುತ್ತಾರೆ. ಐಡಿಪಿ ಎಂದು ಕರೆಯುತ್ತಾರೆ. ಅರ್ಜಿಯ ನಮೂನೆ 4ಎ. ಸರ್ಕಾರದ ಶುಲ್ಕ 1000 ರೂಪಾಯಿ. ಪಾಸ್‌ಪೋರ್ಟು ಮತ್ತು ಊರ್ಜಿತದಲ್ಲಿರುವ ಲೈಸೆನ್ಸು ಬೇಕು. ಮೊದಲು ವೈದ್ಯರ ಪ್ರಮಾಣಪತ್ರ ಮತ್ತು ವೀಸಾ ಸಹ ಕೇಳುತ್ತಿದ್ದರು. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆ ಎರಡು ಷರತ್ತುಗಳನ್ನು ತೆಗೆಯಿತು. ಪರದೇಶದಲ್ಲಿರುವಾಗ ಐಡಿಪಿಯ ಅವಧಿ ಮುಗಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕುವ ಸೌಲಭ್ಯವೂ ಆಗಲೇ ಬಂತು. 2022ರ ಆಗಸ್ಟ್‌ನಿಂದ ದೇಶದ ಎಲ್ಲ ರಾಜ್ಯಗಳಲ್ಲೂ ಒಂದೇ ಮಾದರಿಯ ಐಡಿಪಿ. ಅದರಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ಅವಧಿ ಹೆಚ್ಚೆಂದರೆ ಒಂದು ವರ್ಷ.

ಬೇರೆ ದೇಶದ ಪೊಲೀಸರು ನಮ್ಮ ವಿಜಯಪುರದ ಪುಸ್ತಕವನ್ನು ಯಾಕೆ ಒಪ್ಪಬೇಕು? ಮಕ್ಕಳು ಕೇಳಬೇಕಾದ ಪ್ರಶ್ನೆ ಇದು. 1949ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಹಲವು ದೇಶಗಳು ಸೇರಿ ರಸ್ತೆ ಸಂಚಾರದ ಒಪ್ಪಂದವೊಂದನ್ನು ಮಾಡಿಕೊಂಡವು. ನಿಮ್ಮವರ ಲೈಸೆನ್ಸನ್ನು ನಾವು ಮನ್ನಿಸುತ್ತೇವೆ, ನಮ್ಮವರದನ್ನು ನೀವು ಮನ್ನಿಸಿ ಎಂಬುದು ಅದರ ತಿರುಳು. ಭಾರತವೂ ಅದರಲ್ಲಿದೆ. ಒಂದು ಬ್ಯಾಂಕಿನ ಡಿಡಿಯನ್ನು ಇನ್ನೊಂದು ಊರಿನ ಬ್ಯಾಂಕು ಮನ್ನಿಸುವುದಿಲ್ಲವೇ, ಹಾಗೆ. ಐಡಿಪಿ ಎಂದರೆ ನಮ್ಮ ಲೈಸೆನ್ಸಿನ ವಿವರವನ್ನು ಹಲವು ಭಾಷೆಗಳಲ್ಲಿ ತಿಳಿಸುವ ಪುಸ್ತಕ ಅಷ್ಟೇ. ಅದೊಂದನ್ನೇ ಒಯ್ದರೆ ನಡೆಯುವುದಿಲ್ಲ. ಮೂಲ ಲೈಸೆನ್ಸು ಜೊತೆಗೇ ಇರಬೇಕು.

ಬ್ರಿಟನ್ನಿನಲ್ಲಿ ಪ್ರವಾಸಿಗೆ ನಮ್ಮ ಇಂಗ್ಲಿಷಿನಲ್ಲಿರುವ ಲೈಸೆನ್ಸೇ ಸಾಕಾಗುತ್ತದೆ. ಆದರೂ ಗುಮಾಸ್ತನಲ್ಲವೇ, ಎರಡನ್ನೂ ಫೈಲಿನಲ್ಲಿ ಇಟ್ಟುಕೊಂಡು ಹೊರಟೆ.

ಅಪ್ಪ ಓಡಿಸಬಹುದು, ಮಗ ಓಡಿಸಬಾರದು

ರೆಡಿಂಗಿಗೆ ಹೋದ ಮೇಲೆ ಒಂದು ಮೋಜಿನ ಸಂಗತಿ ಗೊತ್ತಾಯಿತು. ಅಲ್ಲಿ ವಾಸಕ್ಕೆಂದು ಬಂದವರು ಭಾರತದ ಲೈಸೆನ್ಸಿನ ಮೇಲೆ 12 ತಿಂಗಳು ಮಾತ್ರ ಓಡಿಸಬಹುದು. ಅಷ್ಟರೊಳಗೆ ಅಲ್ಲಿಯ ಪರೀಕ್ಷೆ ಪಾಸಾಗದಿದ್ದರೆ ಅವರು ಮತ್ತೆ ಕಲಿಯುವವರ ಸಾಲಿಗೆ. ಗಾಡಿಗೆ ಕೆಂಪು ಬಣ್ಣದ 'ಎಲ್' ಫಲಕ ಹಚ್ಚಬೇಕು. ಪಕ್ಕದಲ್ಲಿ ಲೈಸೆನ್ಸಿದ್ದವರು ಕುಳಿತಿರಬೇಕು. ನನ್ನ ಮಗನಿಗೆ ಆಗಲೇ 11 ತಿಂಗಳು ತುಂಬಿತ್ತು. ಪ್ರವಾಸಿಯಾಗಿ ಹೋದ ನನಗೆ ಮಾತ್ರ ನಾನು ಬಂದ ದಿನದಿಂದ ಲೆಕ್ಕ. ಅಂದರೆ ಇನ್ನೊಂದು ತಿಂಗಳಿಗೆ 38 ವರ್ಷದ ಮಗ ಒಬ್ಬನೇ ಗಾಡಿ ಓಡಿಸುವ ಹಾಗಿಲ್ಲ. 73 ವರ್ಷದ ಅಪ್ಪ ಓಡಿಸಬಹುದು!

"ಹಂಗಾದ್ರ ನಾನೇ ನಿನ್ನ ಮಗ್ಗಲಕ ಕುಂದರತೀನಿ ಬಿಡು. 41 ವರ್ಷದ ಅನುಭವ ಐತಿ" ಎಂದೆ.

ಮಗ ನಕ್ಕ. "ಇಲ್ಲಪ್ಪಾ, ಅದೂ ನಡ್ಯಂಗಿಲ್ಲ" ಎಂದ. ಪಕ್ಕದಲ್ಲಿ ಕೂಡುವವರಿಗೆ 21 ವರ್ಷ ದಾಟಿರಬೇಕು. ಬ್ರಿಟನ್ನಿನ ಅಥವಾ ಯುರೋಪಿನ ಕೆಲವು ದೇಶಗಳ ಪೂರ್ಣ ಲೈಸೆನ್ಸು ಪಡೆದು ಮೂರು ವರ್ಷ ಆಗಿರಬೇಕು. 24 ವರ್ಷದ ಅಲ್ಲಿಯ ಹುಡುಗ ಕೂಡಬಹುದು. ನನ್ನ 41 ವರ್ಷ ಲೆಕ್ಕಕ್ಕೇ ಇಲ್ಲ. ನನಗೆ ಸ್ವಲ್ಪ ಸಿಟ್ಟು ಬಂತು ಎಂಬುದನ್ನು ಮುಚ್ಚಿಡುವುದಿಲ್ಲ.

ಮಗ ಅದಾಗಲೇ ಒಮ್ಮೆ ಪರೀಕ್ಷೆಗೆ ಕೂತು ಫೇಲಾಗಿದ್ದ. ಅಲ್ಲಿ ಎರಡು ಪರೀಕ್ಷೆ. ಮೊದಲನೆಯದು ಕಂಪ್ಯೂಟರ್ ಮುಂದೆ. 57 ನಿಮಿಷದಲ್ಲಿ 50 ಪ್ರಶ್ನೆ. 43 ಸರಿ ಇದ್ದರೆ ಪಾಸು. ಅದರ ಜೊತೆಗೆ 14 ಚಿಕ್ಕ ವಿಡಿಯೊ ತೋರಿಸುತ್ತಾರೆ. ರಸ್ತೆಯಲ್ಲಿ ಅಪಾಯ ಹುಟ್ಟುವ ಕ್ಷಣವನ್ನು ಗುರುತಿಸಿ ಗುಂಡಿ ಒತ್ತಬೇಕು. ಚೆಂಡು ರಸ್ತೆಗೆ ಉರುಳಿ ಬಂತೆಂದರೆ ಹಿಂದೆಯೇ ಮಗು ಬರುತ್ತದೆ ಎಂದು ಮೊದಲೇ ತಿಳಿಯಬೇಕು. ಇದಕ್ಕೆ 75 ಅಂಕ, 44 ಬಂದರೆ ಪಾಸು.

ಎರಡನೆಯದು ರಸ್ತೆಯ ಮೇಲೆ. ಶುರುವಿಗೆ 20 ಮೀಟರ್ ದೂರದಲ್ಲಿ ನಿಂತ ಗಾಡಿಯ ನಂಬರ್ ಓದಿಸುತ್ತಾರೆ. ಓದದಿದ್ದರೆ ಅಲ್ಲಿಗೇ ಮುಗಿಯಿತು. ಆಮೇಲೆ ಸುಮಾರು 40 ನಿಮಿಷ ಓಡಿಸಬೇಕು. ಪರೀಕ್ಷಕರು ಪಕ್ಕದಲ್ಲಿ ಕೂತು ತಪ್ಪು ಬರೆದುಕೊಳ್ಳುತ್ತಾರೆ. ಚಿಕ್ಕ ತಪ್ಪು 15ರವರೆಗೆ ಮಾಫಿ. ದೊಡ್ಡ ತಪ್ಪು ಒಂದಾದರೂ ಫೇಲು.

ನನ್ನ ಮಗನ ಚಿಕ್ಕ ತಪ್ಪು ನಾಲ್ಕೇ. ದೊಡ್ಡದು ಒಂದು. ವೃತ್ತದಲ್ಲಿ ಬಲಗಡೆಯಿಂದ ಬರುವ ಗಾಡಿಗೆ ದಾರಿ ಬಿಡಬೇಕಿತ್ತು. ಇವನು ನಮ್ಮ ಗಾಂಧಿ ಚೌಕಿನಲ್ಲಿ ಮಾಡಿದಂತೆ ಸಂದಿ ನೋಡಿ ಮೂತಿ ತೂರಿಸಿದ. ಪರೀಕ್ಷಕರೇ ಬ್ರೇಕ್ ಒತ್ತಬೇಕಾಯಿತು. ಮತ್ತೊಂದು ಪರೀಕ್ಷೆಯ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯುವುದಿತ್ತು.

"ಇಂಜಿನಿಯರ್ ಆಗಿ ಡ್ರೈವಿಂಗ್‌ನ್ಯಾಗ ಫೇಲ್ ಆದಿ ಅಲ್ಲೋ!" ಎಂದು ನಾನು ಊಟಕ್ಕೆ ಕೂತಾಗ ಎಲ್ಲರೆದುರು ನಕ್ಕೆ. ಅವನು ತಲೆ ತಗ್ಗಿಸಿ ಊಟ ಮಾಡಿದ. ಈಗ ಆ ಮಾತು ನೆನಪಾದರೆ ನನಗೇ ನಾಚಿಕೆ.

ವಿಮೆ ಯಾರ ಹೆಸರಿಗೆ?

ಹೋದ ವಾರದೊಳಗೇ ಒಂದು ಮುಂಜಾನೆ ಹಾಲು ತರಲು ಕೀ ತೆಗೆದುಕೊಂಡು ಹೊರಟೆ. ಸೊಸೆ ಬಾಗಿಲಲ್ಲಿ ತಡೆದಳು.

"ಮಾವಾರ, ಹೋಗಬ್ಯಾಡ್ರಿ. ನಿಮ್ಮ ಹೆಸರು ಇನ್ಶೂರೆನ್ಸಿನ್ಯಾಗ ಇಲ್ರಿ."

"ಗಾಡಿಗೆ ಇನ್ಶೂರೆನ್ಸ್ ಐತಿಲ್ಲವ್ವಾ?" ಎಂದೆ.

"ಗಾಡಿಗಿ ಐತ್ರಿ. ನಿಮಗ ಇಲ್ರಿ."

ಇದನ್ನು ಹಿರಿಯರು ಗಟ್ಟಿಯಾಗಿ ನೆನಪಿಡಬೇಕು. ನಮ್ಮಲ್ಲಿ ಗಾಡಿಗೆ ವಿಮೆ ಇದ್ದರೆ, ಮಾಲೀಕರು ಒಪ್ಪಿ ಕೊಟ್ಟರೆ, ಲೈಸೆನ್ಸಿದ್ದವರು ಯಾರು ಓಡಿಸಿದರೂ ಸಾಮಾನ್ಯವಾಗಿ ನಡೆಯುತ್ತದೆ. ಬ್ರಿಟನ್ನಿನಲ್ಲಿ ವಿಮೆಯ ಪತ್ರದಲ್ಲಿ ಓಡಿಸುವವರ ಹೆಸರು ಇರಬೇಕು. ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಆರು ಪೆನಾಲ್ಟಿ ಪಾಯಿಂಟ್. ಗಾಡಿಯನ್ನೇ ಎಳೆದುಕೊಂಡು ಹೋಗಬಹುದು. ಕೋರ್ಟಿಗೆ ಹೋದರೆ ದಂಡಕ್ಕೆ ಮಿತಿಯೇ ಇಲ್ಲ. ಲೈಸೆನ್ಸು ನನ್ನ ಜೇಬಿನಲ್ಲಿತ್ತು, ಐಡಿಪಿ ಫೈಲಿನಲ್ಲಿತ್ತು. ಆದರೂ ಆ ದಿನ ನಾನು ಗಾಡಿ ಹೊರಗೆ ತೆಗೆದಿದ್ದರೆ ಅಪರಾಧಿ.

ಮಗ ನನ್ನ ಹೆಸರು ಸೇರಿಸಲು ಕಂಪನಿಗಳನ್ನು ಕೇಳಿದ. ನನ್ನ ವಯಸ್ಸು ಮತ್ತು ಪರದೇಶದ ಲೈಸೆನ್ಸು ನೋಡಿ ಕೆಲವು ಒಲ್ಲೆ ಎಂದವು. ಒಂದು ಕಂಪನಿ ಹೆಚ್ಚಿನ ಹಣ ಪಡೆದು ಒಪ್ಪಿತು.

ಆ ಶನಿವಾರ

ಶನಿವಾರ ಮೊಮ್ಮಗಳಿಗೆ ಕನ್ನಡ ತರಗತಿ ಇರುತ್ತಿತ್ತು. ಆ ದಿನ ಮಗನಿಗೆ ಜ್ವರ. ನಾನು ಖುಷಿಯಿಂದಲೇ ಕೀ ಕೈಗೆತ್ತಿಕೊಂಡೆ. ಮೊಮ್ಮಗಳು ಹಿಂದಿನ ಸೀಟಿನಲ್ಲಿ ತನ್ನ ಬೂಸ್ಟರ್ ಸೀಟಿನ ಮೇಲೆ ಕೂತು ಬೆಲ್ಟ್ ಹಾಕಿಕೊಂಡಳು. ಅಲ್ಲಿ 12 ವರ್ಷ ತುಂಬುವವರೆಗೆ ಇಲ್ಲವೇ 135 ಸೆಂಟಿಮೀಟರ್ ಎತ್ತರ ಆಗುವವರೆಗೆ ಮಕ್ಕಳಿಗೆ ಇಂಥ ಸೀಟು ಕಡ್ಡಾಯ.

ಬ್ರಿಟನ್ನಿನಲ್ಲೂ ನಮ್ಮಂತೆ ಎಡಗಡೆ ಓಡಿಸುತ್ತಾರೆ. ಸ್ಟೀರಿಂಗ್ ಬಲಕ್ಕೆ. ಆದ್ದರಿಂದ ನನಗೆ ಹೊಸದೆನಿಸಲಿಲ್ಲ. ವೇಗದ ಫಲಕ ಮಾತ್ರ ಮೈಲಿಯಲ್ಲಿ. ಅದಕ್ಕೆ ಗುಮಾಸ್ತನ ಲೆಕ್ಕ ಇತ್ತು: ಎಂಟರಿಂದ ಗುಣಿಸು, ಐದರಿಂದ ಭಾಗಿಸು. ಊರೊಳಗೆ ಸಾಮಾನ್ಯವಾಗಿ 30 ಮೈಲಿ, ಅಂದರೆ 48 ಕಿಲೊಮೀಟರ್. ಹೆದ್ದಾರಿಯಲ್ಲಿ 70 ಮೈಲಿ, ಅಂದರೆ 112. ನಾನು 25 ಮೈಲಿಗಿಂತ ಹೆಚ್ಚು ಹೋಗಲಿಲ್ಲ. ವೃತ್ತದಲ್ಲಿ ಮಗನ ತಪ್ಪು ನೆನಪಿಸಿಕೊಂಡು ಬಲಗಡೆಯವರಿಗೆ ದಾರಿ ಬಿಟ್ಟೆ. ಮನಸ್ಸಿನಲ್ಲೇ ನನಗೆ ನಾನೇ ಅಂಕ ಕೊಟ್ಟುಕೊಂಡೆ.

ಮುಂದೆ ಒಂದು ಜೀಬ್ರಾ ಕ್ರಾಸಿಂಗ್. ಎರಡೂ ಬದಿ ಕಪ್ಪು-ಬಿಳಿ ಪಟ್ಟೆಯ ಕಂಬ, ಅದರ ತಲೆಯ ಮೇಲೆ ಮಿಣುಕುವ ಹಳದಿ ಗೋಳ. ರಸ್ತೆಯ ಅಂಚಿನಲ್ಲಿ ಒಬ್ಬ ಮುದುಕಿ ನಿಂತಿದ್ದಳು. ನನ್ನ ವಯಸ್ಸೇ ಇರಬೇಕು. ಕೈಯಲ್ಲಿ ಗಾಲಿಯ ಚೀಲ. ನಾನು ಆಕೆಯನ್ನು ನೋಡಿದೆ. ನೋಡಲಿಲ್ಲ ಎಂದು ಸುಳ್ಳು ಹೇಳಲಾರೆ. ನಿಂತಿದ್ದಾಳೆ, ನಾನು ದಾಟಿದ ಮೇಲೆ ಬರುತ್ತಾಳೆ ಎಂದುಕೊಂಡೆ. ನಮ್ಮಲ್ಲಿ ಎಲ್ಲರೂ ಹಾಗೇ ತಾನೇ? ಎಚ್ಚರಕ್ಕಿರಲಿ ಎಂದು ಸಣ್ಣಗೆ ಹಾರ್ನ್ ಸಹ ಹೊಡೆದೆ. ವೇಗ ಇಳಿಸಲಿಲ್ಲ.

ಆಕೆ ಕಾಲು ಕೆಳಗಿಟ್ಟಳು.

"ಮುತ್ಯಾ, ಗಾಡಿ ನಿಂದ್ರಸು!" ಹಿಂದಿನಿಂದ ಮೊಮ್ಮಗಳು ಚೀರಿದಳು.

ಬ್ರೇಕಿನ ಮೇಲೆ ನಿಂತೆ. ಗಾಡಿ ಬಿಳಿ ಪಟ್ಟೆಯ ಮೇಲೆ ಅರ್ಧ ಏರಿ ನಿಂತಿತು. ಆ ಚೀಲಕ್ಕೂ ನಮ್ಮ ಬಂಪರಿಗೂ ಒಂದು ಮೊಳ ಅಂತರ. ಆಕೆ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಳು. ಗಾಡಿಯೊಳಗೆ ನೋಡಿದಳು. ನನ್ನನ್ನು, ಆಮೇಲೆ ಹಿಂದೆ ಕೂತ ಹುಡುಗಿಯನ್ನು. ಏನೂ ಅನ್ನಲಿಲ್ಲ. ನಿಧಾನಕ್ಕೆ ದಾಟಿ ಹೋದಳು. ಬೈದಿದ್ದರೆ ಚಲೋ ಇತ್ತು.

ಸ್ವಲ್ಪ ಮುಂದೆ ಬದಿಗೆ ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಮೊಮ್ಮಗಳು ಅಳುತ್ತಿದ್ದಳು. "ಆಕಿ ನಿಂತಿದ್ಲಲ್ಲಾ, ನಾವು ನಿಂದರಬೇಕು ಮುತ್ಯಾ. ನಮ್ಮ ಸಾಲ್ಯಾಗ ಹೇಳ್ಯಾರ" ಎಂದಳು. "ಆಕಿಗಿ ಗೊತ್ತಿತ್ತು, ಗಾಡಿ ನಿಂದರತೈತಿ ಅಂತ."

ಆ ಮಾತು ನನ್ನೊಳಗೆ ಇಳಿಯಿತು. ಆ ಮುದುಕಿ ಕಾಲಿಟ್ಟದ್ದು ಅವಸರಕ್ಕಲ್ಲ, ನಂಬಿಕೆಯಿಂದ. ಅಂಚಿನಲ್ಲಿ ಒಬ್ಬರು ಕಾಯುತ್ತಿದ್ದರೆ ಗಾಡಿಯವರು ನಿಲ್ಲುತ್ತಾರೆ ಎಂಬುದು ಅಲ್ಲಿಯ ಪದ್ಧತಿ. 2022ರ ಜನವರಿಯಿಂದ ಅಲ್ಲಿಯ ರಸ್ತೆ ನಿಯಮದ ಪುಸ್ತಕದಲ್ಲೂ ಅದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಇಡೀ ಜೀವಮಾನ ಆಕೆ ಹಾಗೆ ದಾಟಿರಬೇಕು. ನನ್ನ 41 ವರ್ಷದ ಅನುಭವ ಆಕೆಗೆ ಏನು ಗೊತ್ತು? ಬಬಲೇಶ್ವರ ರಸ್ತೆಯಲ್ಲಿ ನಾನು ಜಾಣ ಚಾಲಕನೇ ಇರಬಹುದು. ಆ ರಸ್ತೆಯಲ್ಲಿ ಆ ಗಳಿಗೆಗೆ ನಾನೇ ಅಪಾಯ.

ತರಗತಿಗೆ ಬಿಟ್ಟು, ಕರೆದುಕೊಂಡು, ಮನೆಗೆ ಬಂದು ಕೀಯನ್ನು ಮಗನ ಹಾಸಿಗೆಯ ಪಕ್ಕದಲ್ಲಿಟ್ಟೆ. ನಡೆದದ್ದನ್ನೆಲ್ಲ ಹೇಳಿದೆ. ಊಟದ ಹೊತ್ತಿಗೆ ನಕ್ಕಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ. "ಇರ್ಲಿ ಬಿಡಪ್ಪಾ" ಎಂದ. ಅಲ್ಲಿದ್ದಷ್ಟು ದಿನ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ.

ಮೊಮ್ಮಗಳ ಶಾಲೆ

ಆದರೆ ಕಲಿಯುವುದನ್ನು ಬಿಡಲಿಲ್ಲ. ಸಂಜೆ ಮೊಮ್ಮಗಳು ಮತ್ತು ನಾನು ಅಲ್ಲಿಯ 'ಹೈವೇ ಕೋಡ್' ಪುಸ್ತಕ ತೆರೆದು ಕೂಡುತ್ತಿದ್ದೆವು. ಅದು ಮೊದಲು ಅಚ್ಚಾದದ್ದು 1931ರಲ್ಲಿ. ಆಗ ಬೆಲೆ ಒಂದು ಪೆನ್ನಿ. ಆಗಿನ್ನೂ ಬ್ರಿಟನ್ನಿನಲ್ಲಿ ಗಾಡಿ ಓಡಿಸಲು ಪರೀಕ್ಷೆಯೇ ಇರಲಿಲ್ಲ. 1935ರ ಜೂನ್‌ನಿಂದ ಹೊಸ ಚಾಲಕರಿಗೆ ಕಡ್ಡಾಯವಾಯಿತು. ಆಗ ಸಾರಿಗೆ ಮಂತ್ರಿಯಾಗಿದ್ದ ಲೆಸ್ಲಿ ಹೋರ್-ಬೆಲಿಶಾ ಅವರ ಕಾಲದಲ್ಲೇ ಆ ಹಳದಿ ಗೋಳದ ಕಂಬಗಳೂ ಬಂದವು. ಇವತ್ತಿಗೂ ಅವಕ್ಕೆ ಬೆಲಿಶಾ ಕಂಬ ಎಂದೇ ಹೆಸರು. ಜೀಬ್ರಾ ಪಟ್ಟೆ ಬಂದದ್ದು 1951ರಲ್ಲಿ.

ಮೊಮ್ಮಗಳು ನನಗೆ 50 ಪ್ರಶ್ನೆಯ ಪರೀಕ್ಷೆ ಕೊಟ್ಟಳು. ಮೊದಲ ಸಲ 29 ಬಂತು. ಬಿ.ಕಾಂ. ಪರೀಕ್ಷೆಯಲ್ಲೂ ನಾನು ಅಷ್ಟು ಬೆವರಿರಲಿಲ್ಲ. ಎರಡನೇ ಸಲ 36. ಊರಿಗೆ ಹೊರಡುವ ಹಿಂದಿನ ದಿನ 45. ಅವಳು ಒಂದು ಹಾಳೆಯ ಮೇಲೆ ಕನ್ನಡದಲ್ಲಿ "ಮುತ್ಯಾ ಪಾಸ" ಎಂದು ಬರೆದು ಸಹಿ ಹಾಕಿ ಕೊಟ್ಟಳು. ಅದು ಈಗ ನನ್ನ ಫೈಲಿನಲ್ಲಿ ಐಡಿಪಿಯ ಮೇಲೆಯೇ ಇದೆ.

ಲಂಡನ್ನಿಗೂ ಹೋದೆವು, ರೈಲಿನಲ್ಲಿ. ಲಂಡನ್ನಿನ ನಡುಭಾಗಕ್ಕೆ ಗಾಡಿ ಒಯ್ದರೆ ಅದಕ್ಕೇ ಪ್ರತ್ಯೇಕ ಶುಲ್ಕ. 2003ರಿಂದ ಇದೆ. ಥೇಮ್ಸ್ ನದಿಯ ದಂಡೆಯ ಲ್ಯಾಂಬೆತ್‌ನಲ್ಲಿ ಬಸವೇಶ್ವರರ ಮೂರ್ತಿ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ನಮ್ಮ ಜಿಲ್ಲೆಯ ಬಸವನ ಬಾಗೇವಾಡಿಯಲ್ಲಿ ಹುಟ್ಟಿದವರನ್ನು ಅಷ್ಟು ದೂರ ಹೋಗಿ ನೋಡುವಾಗ ನಮ್ಮ ಮನೆಯವರ ಕಣ್ಣು ಒದ್ದೆಯಾಯಿತು. ಗಾಡಿ ಇಲ್ಲದ್ದರಿಂದ ಯಾತ್ರೆಗೆ ಏನೂ ಕೊರತೆಯಾಗಲಿಲ್ಲ.

ಊರಿಗೊಂದು ನಿಯಮ

ಒಂದೊಂದು ದೇಶದಲ್ಲಿ ಒಂದೊಂದು ಪದ್ಧತಿ. ನನ್ನ ಅಕ್ಕನ ಮಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿ ಪ್ರವಾಸಿಗಳು ತಮ್ಮ ದೇಶದ ಲೈಸೆನ್ಸಿನ ಮೇಲೆ ಓಡಿಸಬಹುದು. ಆದರೆ ವಾಸಕ್ಕೆ ನಿಂತರೆ ಹತ್ತೇ ದಿನದಲ್ಲಿ ಅಲ್ಲಿಯ ಲೈಸೆನ್ಸಿಗೆ ಹೋಗಬೇಕು. ಟೆಕ್ಸಾಸ್‌ನಲ್ಲಿ 90 ದಿನ. ಒಂದೇ ದೇಶ, ರಾಜ್ಯಕ್ಕೊಂದು ಲೆಕ್ಕ. ಜರ್ಮನಿಯಲ್ಲಿ ವಾಸಕ್ಕೆ ನಿಂತವರಿಗೆ ಆರು ತಿಂಗಳು.

ಅಮೆರಿಕದಲ್ಲಿ ಬಲಗಡೆ ಓಡಿಸುತ್ತಾರೆ. ನಾಲ್ಕು ದಾರಿ ಕೂಡುವಲ್ಲಿ ನಾಲ್ಕೂ ಕಡೆ 'ಸ್ಟಾಪ್' ಫಲಕ ಇದ್ದರೆ, ಪ್ರತಿಯೊಬ್ಬರೂ ಪೂರ್ತಿ ನಿಲ್ಲಬೇಕು. ಮೊದಲು ಬಂದವರು ಮೊದಲು ಹೋಗಬೇಕು. ಇದು ನನಗೆ ತುಂಬ ಹಿಡಿಸಿತು. ನಮ್ಮ ಬ್ಯಾಂಕಿನ ಹಿತ್ತಾಳೆ ಟೋಕನ್ನಿನ ಪದ್ಧತಿಯೇ ಇದು. ಇಬ್ಬರು ಒಟ್ಟಿಗೆ ಬಂದರೆ ಬಲಗಡೆಯವರಿಗೆ ಮೊದಲು ದಾರಿ. ಶಾಲೆಯ ಹಳದಿ ಬಸ್ಸು ಕೆಂಪು ದೀಪ ಮಿಣುಕಿಸುತ್ತ ನಿಂತರೆ, ನಡುವೆ ವಿಭಜಕ ಇಲ್ಲದ ರಸ್ತೆಯಲ್ಲಿ ಹಿಂದಿನವರಷ್ಟೇ ಅಲ್ಲ, ಎದುರಿನಿಂದ ಬರುವವರೂ ನಿಲ್ಲಬೇಕು. ಪೊಲೀಸರು ಹಿಂದೆ ಬಂದು ದೀಪ ಹಾಕಿದರೆ ಬದಿಗೆ ನಿಲ್ಲಿಸಿ ಒಳಗೇ ಕೂತಿರಬೇಕು. ಕೈಗಳು ಸ್ಟೀರಿಂಗ್ ಮೇಲೆ ಕಾಣುವಂತಿರಬೇಕು. ನಮ್ಮಂತೆ ಇಳಿದು "ನಮಸ್ಕಾರ ಸಾಹೇಬ್ರ" ಎಂದು ಅವರ ಕಡೆ ನಡೆದರೆ ಅವರು ಅದನ್ನು ಅಪಾಯ ಎಂದು ತಿಳಿಯಬಹುದು.

ಜರ್ಮನಿಯ ಹೆದ್ದಾರಿಯಲ್ಲಿ ಗಾಡಿಗಳ ಸಾಲು ನಿಲ್ಲತೊಡಗಿದರೆ ಎಡ ಸಾಲಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ದಾರಿ ಮಾಡಿಡುತ್ತಾರೆ. ಆಂಬುಲೆನ್ಸ್ ಬರುವ ಮೊದಲೇ! ಜಾತ್ರೆಯಲ್ಲಿ ತೇರು ಬರುವಾಗ ನಮ್ಮ ಜನ ಇಬ್ಬದಿಗೆ ಸರಿಯುವುದಿಲ್ಲವೇ, ಹಾಗೇ.

ಇಡೀ ದೇಶವೇ ಹೊಸದಾಗಿ ಕಲಿತದ್ದೂ ಉಂಟು. ಸ್ವೀಡನ್ನಿನಲ್ಲಿ ಎಡಗಡೆ ಓಡಿಸುತ್ತಿದ್ದರು. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಗಾಡಿಗಳೆಲ್ಲ ನಿಂತು, ನಿಧಾನಕ್ಕೆ ಬಲಕ್ಕೆ ಸರಿದು, ಐದು ಗಂಟೆಯಿಂದ ಬಲಗಡೆ ಓಡತೊಡಗಿದವು. 2009ರ ಸೆಪ್ಟೆಂಬರ್‌ನಲ್ಲಿ ಸಮೋವಾ ಎಂಬ ದ್ವೀಪ ದೇಶ ಬಲದಿಂದ ಎಡಕ್ಕೆ ಬದಲಾಯಿತು. ದೇಶಕ್ಕೆ ದೇಶವೇ ರೂಢಿ ಬಿಟ್ಟು ಕಲಿಯಬಹುದಾದರೆ ಒಬ್ಬ ಮುತ್ಯಾ ಕಲಿಯಬಾರದೇ?

ಹೊರಡುವ ಹಿರಿಯರಿಗೆ ಗುಮಾಸ್ತನ ಪಟ್ಟಿ

ಒಂದು: ನಿಮ್ಮ ಲೈಸೆನ್ಸಿನ ಅವಧಿ ನೋಡಿ. ನಮ್ಮಲ್ಲಿ 55 ದಾಟಿದವರಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಲೈಸೆನ್ಸು ಮುಗಿದರೆ ಐಡಿಪಿಯೂ ಮುಗಿದಂತೆ.

ಎರಡು: ಹೋಗುವ ದೇಶದ, ಅಮೆರಿಕವಾದರೆ ಆ ರಾಜ್ಯದ, ಸಾರಿಗೆ ಇಲಾಖೆಯ ನಿಯಮವನ್ನು ಹೊರಡುವ ಮೊದಲೇ ಮಕ್ಕಳಿಂದ ಓದಿಸಿಕೊಳ್ಳಿ. ನಿಯಮಗಳು ಬದಲಾಗುತ್ತಿರುತ್ತವೆ. ಪಕ್ಕದ ಮನೆಯವರು ಹೇಳಿದ್ದನ್ನು ನಂಬಿ ಹೊರಡಬೇಡಿ.

ಮೂರು: ವಿಮೆಯಲ್ಲಿ ನಿಮ್ಮ ಹೆಸರು ಇದೆಯೇ? ಇಲ್ಲದಿದ್ದರೆ ಕೀ ಮುಟ್ಟಬೇಡಿ.

ನಾಲ್ಕು: ಮಗುವಿನ ಸೀಟು, ಬೆಲ್ಟು. "ಇಲ್ಲೇ ಹತ್ತಿರ ಹೋಗಿ ಬರೋದು" ಎಂಬ ಮಾತು ಬೇಡ. ನನ್ನ ಜೀಬ್ರಾ ಕ್ರಾಸಿಂಗೂ ಮನೆಗೆ ಹತ್ತಿರವೇ ಇತ್ತು.

ಐದು: ಮೊದಲ ವಾರ ಪಕ್ಕದ ಸೀಟಿನಲ್ಲಿ ಕೂತು ನೋಡಿ. ಅಲ್ಲಿಯವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಮುಖ್ಯವಾಗಿ ನೋಡಿ. ಓಡಿಸುವುದು ಎಲ್ಲ ಕಡೆ ಒಂದೇ. ನಿಲ್ಲಿಸುವುದು ಮಾತ್ರ ಊರಿಂದೂರಿಗೆ ಬೇರೆ.

ಆರು: ಮಕ್ಕಳೇ, ಇದು ನಿಮ್ಮ ಕೆಲಸ. ಅಜ್ಜನನ್ನು ಅಂಗಳಕ್ಕೆ ಕರೆದು 20 ಮೀಟರ್ ಅಳೆಯಿರಿ. ನಿಂತ ಗಾಡಿಯ ನಂಬರ್ ಓದಲು ಹೇಳಿ. ಓದಲಾಗದಿದ್ದರೆ ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಲು ಮನೆಯಲ್ಲಿ ಹೇಳಿ. ಅಜ್ಜ ಸಿಟ್ಟಾದರೆ ನನ್ನ ಹೆಸರು ಹೇಳಿ.

ಮತ್ತೆ ಮಮದಾಪುರ

ಮಗ ಎರಡನೇ ಸಲಕ್ಕೆ ಪಾಸಾದ. ಸೊಸೆ ಅಲ್ಲಿಯೇ ಹೊಸದಾಗಿ ಕಲಿತು ಮೊದಲ ಸಲಕ್ಕೇ ಪಾಸಾದಳು. "ನನಗ ಮರೀಬೇಕಾದ್ದು ಏನೂ ಇರ್ಲಿಲ್ರಿ ಮಾವಾರ" ಎಂದಳು ಫೋನಿನಲ್ಲಿ.

ನಾನು ಊರಿಗೆ ಬಂದೆ. ನಮ್ಮ ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯ ಕಡೆಯಿಂದ ಬರುವಾಗ ಒಂದು ಮುಂಜಾನೆ ಶಾಲೆಯ ಮಕ್ಕಳು ರಸ್ತೆಯ ಅಂಚಿನಲ್ಲಿ ನಿಂತಿದ್ದರು. ನಮ್ಮ ದೇಶದ ಕಾನೂನೂ ದಾಟುವ ಪಟ್ಟೆಯಲ್ಲಿ ನಡೆಯುವವರಿಗೆ ದಾರಿ ಬಿಡಬೇಕೆಂದೇ ಹೇಳುತ್ತದೆ. 2017ರ ಚಾಲನಾ ನಿಯಮಗಳಲ್ಲಿ ಇದು ಇದೆ. ಅಲ್ಲಿ ಪಟ್ಟೆ ಇರಲಿಲ್ಲ. ಆದರೂ ನಿಲ್ಲಿಸಿದೆ.

ಮಕ್ಕಳು ದಾಟಲಿಲ್ಲ. ಗಾಡಿ ಕೆಟ್ಟಿದೆ ಎಂದುಕೊಂಡವೋ ಏನೋ, ನನ್ನನ್ನೇ ನೋಡುತ್ತ ನಿಂತವು. ಹಿಂದಿನ ಟಂಟಂನವನು ಒಂದೇ ಸವನೆ ಹಾರ್ನ್ ಹೊಡೆದ. ನಾನು ಕೈ ಮಾಡಿ "ಹೋಗ್ರಿ" ಎಂದೆ. ಒಂದು ಹುಡುಗಿ ಮಾತ್ರ ನಂಬಿ ಮುಂದೆ ಹೆಜ್ಜೆ ಇಟ್ಟಳು. ಉಳಿದವರು ಅವಳ ಹಿಂದೆ ಓಡಿದರು.

ಈಗ ಪ್ರತಿ ರವಿವಾರ ರೆಡಿಂಗಿನಿಂದ ಫೋನು ಬರುತ್ತದೆ. ಮೊಮ್ಮಗಳ ಮೊದಲ ಪ್ರಶ್ನೆ ಒಂದೇ: "ಮುತ್ಯಾ, ಈ ವಾರ ಎಷ್ಟ ಮಂದಿಗಿ ಗಾಡಿ ನಿಂದ್ರಸಿದಿ?" ನಾನು ಲೆಕ್ಕ ಬರೆದಿಟ್ಟಿರುತ್ತೇನೆ, ಗುಮಾಸ್ತನಲ್ಲವೇ. ಕಳೆದ ವಾರ ಹದಿನಾಲ್ಕು. ಅದರಲ್ಲಿ ಎರಡು ಎಮ್ಮೆ.

"ಎಮ್ಮಿ ಲೆಕ್ಕಕ್ಕಿಲ್ಲ" ಎಂದಳು. ಹನ್ನೆರಡು ಎಂದು ತಿದ್ದಿ ಬರೆದುಕೊಂಡೆ.